ಹೈಬ್ರಿಡ್ಡಾ, ಇವಿನಾ? ತೀರ್ಥಹಳ್ಳಿ ರಸ್ತೇಲಿ ಎರಡನ್ನೂ ಓಡ್ಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನಗೆ ಇವಿನೇ, ಅಂದ್ರೆ ಬರೀ ಕರೆಂಟಲ್ಲಿ ಓಡೋ ಕಾರೇ ಇಷ್ಟ, ನಾನು ತಗೊಂಡಿರೋದೂ ಅದನ್ನೇ. ಆದ್ರೆ ಏಪ್ರಿಲಲ್ಲಿ ಬೆಂಗಳೂರಿಂದ ಭಾವ ರಜಕ್ಕೆ ಬಂದಿದ್ದಾಗ ಒಂದು ತಿಂಗಳು ಗಾಡಿ ಅದಲು ಬದಲು ಮಾಡ್ಕೊಂಡ್ವಿ, ಅವರ ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಮೋಟಾರೂ ಇರೋದು, ಹೊರಗಿಂದ ಚಾರ್ಜ್ ಬೇಡ) ನನಗೆ, ನನ್ನ ಇವಿ ಅವರಿಗೆ. ನನ್ನ ಓಡಾಟ ಅಂದ್ರೆ ವಾರಕ್ಕೆ ಮೂರು ದಿನ ತೀರ್ಥಹಳ್ಳಿಯಿಂದ ಶಿವಮೊಗ್ಗ, ಹೋಗಿ ಬರೋಕೆ 120 ಕಿ.ಮೀ. ಹತ್ರ, ತಿಂಗಳಿಗೊಂದ್ಸಲ ಆಗುಂಬೆ ಘಾಟಿ ಇಳಿದು ಹೆಬ್ರಿ, ಹೆಂಡತಿ ತವರು ಅಲ್ಲಿ. ಇವಿ ಯಾವ ಕಂಪ್ನಿದು ಅಂತ ಬರೀತಿಲ್ಲ, ಯಾಕಂದ್ರೆ ಕೆಳಗೆ ಹೇಳೋ ತಾಪತ್ರಯ ನಮ್ಮ ಕಡೆ ಹಳೇ ಮನೆಯವರು ಯಾವ ಇವಿ ತಗೊಂಡ್ರೂ ಬರಬಹುದು. ಬ್ಯಾಟರಿ 45 ಕಿಲೋವ್ಯಾಟ್ ಅವರ್, ಅಂದ್ರೆ 45 ಯೂನಿಟ್ ಹಿಡಿಯತ್ತೆ, ಅಷ್ಟು ಗೊತ್ತಿದ್ರೆ ಸಾಕು.

ತಾಪತ್ರಯ ಅರ್ಥಿಂಗ್‌ದು. ಅಂದ್ರೆ ಸೋರೋ ಕರೆಂಟನ್ನ ಭೂಮಿಗೆ ಇಳಿಸೋ ವ್ಯವಸ್ಥೆದು. ಇದನ್ನ ಶೋರೂಮಲ್ಲಿ ಒಬ್ರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಗಾಡಿ ತಗೊಂಡಿದ್ದು ಜುಲೈಲಿ, ಧೋ ಅಂತ ಮಳೆ, 15 ಆಂಪ್ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿ ಮಲಗಿದ್ರೆ ಬೆಳಿಗ್ಗೆ ಗಾಡಿ ರೆಡಿ. ಆರು ತಿಂಗಳು ಒಂದು ದಿನಾನೂ ತಕರಾರಿಲ್ಲ. ಫೆಬ್ರವರೀಲಿ ಒಂದು ರಾತ್ರಿ ಸಿಕ್ಕಿಸ್ತೀನಿ, ಚಾರ್ಜರ್ ಡಬ್ಬಿ ಮೇಲೆ ಕೆಂಪು ಲೈಟು. ತೆಗೆದು ಹಾಕಿದ್ರೂ ಕೆಂಪು, ಬೇರೆ ಸಾಕೆಟ್ಟಿಗೆ ಹಾಕಿದ್ರೂ ಕೆಂಪು. ಡಬ್ಬಿ ಹೋಯ್ತು ಅಂದ್ಕೊಂಡು ಶಿವಮೊಗ್ಗಕ್ಕೆ ತಗೊಂಡು ಹೋದ್ರೆ ಸರ್ವೀಸಿನವರ ಸಾಕೆಟ್ಟಲ್ಲಿ ಹಸಿರು ಲೈಟು, ಚೆನ್ನಾಗೇ ಚಾರ್ಜ್ ಆಗತ್ತೆ. ಮನೆಗೆ ತಂದ್ರೆ ಮತ್ತೆ ಕೆಂಪು. ಹೀಗೇ ಎರಡು ಸಲ ಓಡಾಡಿದೆ, ಮೂರು ವಾರ ಶಿವಮೊಗ್ಗದ ಫಾಸ್ಟ್ ಚಾರ್ಜರಲ್ಲಿ ಯೂನಿಟ್ಟಿಗೆ 20 ರೂಪಾಯಿ ಮೇಲೆ ಕೊಟ್ಟು ಹಾಕಿಸ್ಕೊಂಡೆ. ಇವಿ ತಗೊಂಡಿದ್ದೇ ತಪ್ಪಾಯ್ತೇನೋ ಅಂತ ನಿಜವಾಗ್ಲೂ ಬೇಜಾರಾಗಿತ್ತು.

ಕೊನೆಗೆ ನಮ್ಮೂರ ಎಲೆಕ್ಟ್ರಿಷಿಯನ್ ಕರೆಸಿದೆ, ವಯಸ್ಸಾದವರು. ಮೀಟರ್ ಹಿಡಿದು ನ್ಯೂಟ್ರಲ್ಲಿಗೂ (ಕರೆಂಟು ವಾಪಸ್ ಹೋಗೋ ವೈರು) ಅರ್ಥಿಗೂ ಮಧ್ಯೆ ಅಳೆದ್ರು, 18 ವೋಲ್ಟ್. ಒಂದೆರಡು ವೋಲ್ಟ್ ಇರಬೇಕಾದ ಜಾಗ ಅದು. ಮತ್ತೇನೂ ಮಾತಾಡ್ದೆ ಹಿತ್ತಲಿಗೆ ಹೋಗಿ ಹಳೇ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು "ಈಗ ಹಾಕಿ ನೋಡಿ ಮಾರಾಯ್ರೆ" ಅಂದ್ರು. ಹಸಿರು! ಕಾರಣ ಇಷ್ಟೇ: ನಮ್ಮದು ಜಂಬಿಟ್ಟಿಗೆ ಮಣ್ಣು, ಮಳೆಗಾಲದಲ್ಲಿ ತೇವ ಇರೋವರೆಗೂ ಕರೆಂಟು ಸಲೀಸಾಗಿ ಭೂಮಿಗೆ ಇಳಿಯತ್ತೆ, ಬೇಸಿಗೇಲಿ ಮಣ್ಣು ಒಣಗಿದ ಮೇಲೆ ಇಳಿಯಲ್ಲ, ಅದ್ರ ಜೊತೆ ನಮ್ಮಪ್ಪನ ಕಾಲದಲ್ಲಿ ಹಾಕಿದ್ದ ಪೈಪು ತುಕ್ಕು ಹಿಡಿದು ಅರ್ಧ ಕರಗಿತ್ತು. ಫ್ರಿಜ್ಜು, ಮಿಕ್ಸಿ ಇದನ್ನೆಲ್ಲ ಕೇಳಲ್ಲ, ಓಡ್ತಾ ಇರ್ತವೆ. ಇವಿ ಚಾರ್ಜರ್ ಮಾತ್ರ ಮೊದ್ಲು ಅರ್ಥ್ ನೋಡ್ಕೊಂಡೇ ಕರೆಂಟ್ ಬಿಡೋದು, ಅದು ನಮ್ಮ ಜೀವಕ್ಕೋಸ್ಕರ ಇಟ್ಟಿರೋ ಕಾವಲು. ಎರಡು ಕೊಡ ನೀರಿಂದ ಒಂದು ರಾತ್ರಿ ಕಳೀತು ಅಷ್ಟೆ. ಆಮೇಲೆ ಬಚ್ಚಲ ನೀರು ಹೋಗೋ ಬಾಳೆಗಿಡದ ಬುಡದ ಹತ್ರ ಎಂಟಡಿ ಗುಂಡಿ ತೆಗೆಸಿ, ಹೊಸ ಪೈಪು ಇಳಿಸಿ, ಸುತ್ತ ಇದ್ದಿಲು ಒಂದು ಪದರ ಉಪ್ಪು ಒಂದು ಪದರ ತುಂಬಿಸಿ, ಅಲ್ಲಿಂದ ಸೀದಾ ಚಾರ್ಜಿಂಗ್ ಸಾಕೆಟ್ಟಿಗೆ ಬೇರೆ ಅರ್ಥ್ ವೈರು ಎಳೆಸಿದೆ. ಎಲ್ಲಾ ಸೇರಿ 9,000 ಚಿಲ್ರೆ. ಇನ್ನೊಂದು ಮಾತು, ಇದಕ್ಕೂ ಮೊದ್ಲು ಬಂದಿದ್ದ ಒಬ್ಬ ಹುಡುಗ ಸಾಕೆಟ್ ಒಳಗೇ ನ್ಯೂಟ್ರಲ್ಲನ್ನ ಅರ್ಥಿಗೆ ಸೇರಿಸ್ಬಿಡ್ತೀನಿ, ಐದು ನಿಮಿಷದ ಕೆಲ್ಸ ಅಂದಿದ್ದ. ದಯವಿಟ್ಟು ಯಾರೂ ಹಂಗೆ ಮಾಡಿಸ್ಬೇಡಿ, ಎಲ್ಲಾದ್ರೂ ನ್ಯೂಟ್ರಲ್ ಕಟ್ ಆದ್ರೆ ಕಾರಿನ ಬಾಡಿಗೇ ಕರೆಂಟ್ ಬರತ್ತೆ, ಮಕ್ಕಳು ಮುಟ್ಟೋ ಗಾಡಿ ಅದು.

ಹೈಬ್ರಿಡ್ಡಿಗೆ ಇದ್ಯಾವ್ದೂ ಬೇಡ, ಪೆಟ್ರೋಲ್ ಹಾಕ್ಸು ಹೋಗು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ದೇ ಇದ್ದಾಗ ಅದೇ ವಾಸಿ, ಒಪ್ಕೋತೀನಿ. ಶಿವಮೊಗ್ಗದ ಟ್ರಾಫಿಕ್ಕಲ್ಲೂ ಸುಮಾರು ಹೊತ್ತು ಎಂಜಿನ್ ಆಫ್ ಆಗಿ ಮೋಟಾರಲ್ಲೇ ಹೋಗತ್ತೆ. ನನಗೆ ಮೈಲೇಜ್ 21-22 ಬಂತು, ಕಂಪ್ನಿ ಹೇಳೋದು 27.97. ಬ್ಯಾಟರಿ ಹಿಂದೆ ಕೂತಿರೋದ್ರಿಂದ ಡಿಕ್ಕಿ ಚಿಕ್ಕದು, ಹೆಬ್ರಿಯಿಂದ ತೆಂಗಿನಕಾಯಿ ಮೂಟೆ ತರೋಕೆ ಹಿಂದಿನ ಸೀಟೇ ಗತಿ.

ಘಾಟೀಲಿ ಇವಿ ಮುಂದೆ ಅದು ನಿಲ್ಲಲ್ಲ. ಇಳಿಜಾರಲ್ಲಿ ಮೋಟಾರೇ ಗಾಡಿ ಹಿಡಿದು ಬ್ಯಾಟರಿ ತುಂಬಿಸತ್ತೆ, ಇದಕ್ಕೆ ರೀಜೆನ್ ಅಂತಾರೆ. ಹೈಬ್ರಿಡ್ ಬ್ಯಾಟರಿ 0.76 ಯೂನಿಟ್ಟಿಂದು ಅಷ್ಟೆ, ಆಗುಂಬೆಯ 14 ತಿರುವಲ್ಲಿ ಅರ್ಧ ಇಳಿಯೋದ್ರೊಳಗೆ ತುಂಬಿಹೋಗತ್ತೆ, ಆಮೇಲೆ ಹಿಡಿತ ಎಂಜಿನ್ನಿಂದಲೇ ಬರಬೇಕು, ಗೇರನ್ನ ಬಿ ಮೋಡಿಗೆ (ಎಂಜಿನ್ ಹಿಡಿತ ಜಾಸ್ತಿ ಮಾಡೋದು) ಹಾಕಿದ್ರೆ ಗೊರ್ರ್ ಅಂತ ಶಬ್ದ ಕೇಳ್ತಾ ಇಳೀಬೇಕು. ನನ್ನ ಇವಿಗೆ ರೀಜೆನ್ ಜಾಸ್ತಿ ಇಟ್ರೆ ಬ್ರೇಕ್ ಮೇಲೆ ಕಾಲಿಡೋದೇ ಅಪರೂಪ, ಕೆಳಗೆ ಸೋಮೇಶ್ವರ ಮುಟ್ಟೋ ಹೊತ್ತಿಗೆ ಚಾರ್ಜು ಎರಡು ಮೂರು ಪರ್ಸೆಂಟ್ ಏರಿರತ್ತೆ. ಕಿಟಕಿ ಇಳಿಸಿದ್ರೆ ನೀರಿನ ಸದ್ದು, ಜೀರುಂಡೆ ಸದ್ದು, ಅಷ್ಟೆ.

ಒಳಗಿನ ಡಿಸೈನಲ್ಲಿ ಮಾತ್ರ ಹೈರೈಡರ್ ಗೆಲ್ಲತ್ತೆ, ಎಸಿಗೆ ಒತ್ತೋ ಬಟನ್ ಕೊಟ್ಟಿದಾರೆ. ನನ್ನದ್ರಲ್ಲಿ ನುಣ್ಣಗಿನ ಗಾಜಿನ ಪಟ್ಟಿ, ಆಗುಂಬೆ ಮಂಜಲ್ಲಿ ಮುಂದಿನ ಗ್ಲಾಸಿಗೆ ಹಬೆ ಹಿಡಿದಾಗ ಒದ್ದೆ ಬೆರಳಲ್ಲಿ ತಡಕಾಡ್ಬೇಕು, ಕಣ್ಣು ರಸ್ತೆ ಬಿಟ್ಟು ಕೆಳಗೆ ಹೋಗತ್ತೆ. ಯೂರೋಪಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡೋ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್ ಇಂಥವಕ್ಕೆ ಕೈಗೆ ಸಿಗೋ ಬಟನ್ ಇಲ್ದಿದ್ರೆ ಅಂಕ ಕಳೀತಾರೆ. ನನ್ನ ಕೇಳಿದ್ರೆ ಎಸಿನೂ ಆ ಪಟ್ಟೀಲಿ ಸೇರಿಸ್ಬೇಕು.

ದುಡ್ಡಿನ ಲೆಕ್ಕ. ತಿಂಗಳಿಗೆ 1,600 ಕಿ.ಮೀ.ಗೆ ಹೈಬ್ರಿಡ್ಡಲ್ಲಿ ಪೆಟ್ರೋಲಿಗೆ 7,500 ದಾಟ್ತು. ಇವಿಗೆ ಸುಮಾರು 270 ಯೂನಿಟ್. ಆದ್ರೆ ಒಂದು ವಿಷ್ಯ ನೆನಪಿಡಿ, ಮನೆ ಮೀಟರಲ್ಲೇ ಚಾರ್ಜ್ ಮಾಡಿದ್ರೆ 200 ಯೂನಿಟ್ ದಾಟಿ ಗೃಹಜ್ಯೋತಿ ಹೋಗತ್ತೆ, ಪೂರ್ತಿ ಬಿಲ್ ಕಟ್ಬೇಕು. ನಮ್ಮನೆಗೆ ಸೊನ್ನೆ ಬರ್ತಿದ್ದಿದ್ದು ಈಗ ಮೂರು ಸಾವಿರದ ಹತ್ರ. ಬೇಡ ಅನ್ನೋರು ಇವಿಗೆ ಬೇರೆ ಮೀಟರ್ ಹಾಕಿಸ್ಕೋಬಹುದು, ಅದಕ್ಕೇ ಬೇರೆ ದರ ಇದೆ, ನಾನೂ ಅರ್ಜಿ ಕೊಟ್ಟಿದೀನಿ. ತಗೊಳೋವಾಗ್ಲೂ ಇವಿಗೆ ಜಿಎಸ್‌ಟಿ 5%, ನಾಲ್ಕು ಮೀಟರ್ ದಾಟಿದ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರಲ್ಲಿ ಇಳಿಸಿದ ಮೇಲೂ 40%.

ಭಾವ ಇರೋದು ಬೆಂಗಳೂರಲ್ಲಿ ಬಾಡಿಗೆ ಫ್ಲಾಟು, ಪಾರ್ಕಿಂಗಲ್ಲಿ ಸಾಕೆಟ್ ಇಲ್ಲ, ಅವರಿಗೆ ಹೈಬ್ರಿಡ್ಡೇ ಸರಿ. ಸ್ವಂತ ಮನೆ, ಅಂಗಳ, ದಿನಾ ಅದೇ ರಸ್ತೆ ಅನ್ನೋ ನನ್ನಂಥವರಿಗೆ ಇವಿ ಬಿಟ್ಟು ಬೇರೆ ಯೋಚ್ನೆ ಬೇಡ. ಆದ್ರೆ ಬುಕ್ ಮಾಡೋ ಮೊದ್ಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ, ಅದೂ ಮಾರ್ಚ್ ಏಪ್ರಿಲಲ್ಲಿ, ಮಳೆಗಾಲದಲ್ಲಿ ಅಳೆಸಿದ್ರೆ ಎಲ್ಲಾ ಸರಿ ಇದೆ ಅಂತಾನೇ ಬರತ್ತೆ.