ಇಂಡೆಕ್ಸ್ ಫಂಡ್ ಹನ್ನೆರಡು ವರ್ಷ ಬಳಸಿದ ಮೇಲೆ: ಸರಾಸರಿ ಲಾಭ ನೋಡಿ ಹಣ ಹಾಕುವವರಿಗೆ

2013ರ ಜನವರಿಯಿಂದ ಎಸ್ ಅಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ಅಳೆಯುವ) ಸೂಚ್ಯಂಕದ ಒಂದು ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಹಣ ಹಾಕುತ್ತಿದ್ದೇನೆ. ಒಂದು ಯೂನಿಟ್ ಕೂಡ ಮಾರಿಲ್ಲ. ಖರ್ಚು ತುಂಬ ಕಡಿಮೆ, ಸೂಚ್ಯಂಕ ಹೋದ ಕಡೆ ಫಂಡೂ ಹೋಗುತ್ತದೆ, ಅದರಲ್ಲಿ ದೂರು ಇಲ್ಲ.

ಎಲ್ಲರೂ ಕೇಳುವುದು ಒಂದೇ, ವರ್ಷಕ್ಕೆ ಸರಾಸರಿ ಶೇ. 10 ಬರುತ್ತಂತೆ, ನಿಜಾನಾ? ದೀರ್ಘಾವಧಿಯಲ್ಲಿ ಹೆಚ್ಚುಕಡಿಮೆ ನಿಜ. ಆದರೆ ನಾನು ಶುರು ಮಾಡಿದ ಮೇಲೆ 2024ರವರೆಗೆ ಸೂಚ್ಯಂಕ ಒಂದೇ ಒಂದು ವರ್ಷವೂ 9ರಿಂದ 11ರ ನಡುವೆ ಬಂದಿಲ್ಲ. ಡಾಲರ್ ಲೆಕ್ಕದಲ್ಲಿ, ಡಿವಿಡೆಂಡ್ (ಕಂಪನಿಗಳು ಹಂಚುವ ಲಾಭಾಂಶ) ಸೇರಿಸಿ, 2013ರಲ್ಲಿ ಶೇ. 32 ಏರಿತು, 2015ರಲ್ಲಿ ಒಂದೂಕಾಲು ಒಂದೂವರೆ ಅಷ್ಟೇ, 2022ರಲ್ಲಿ 18 ಇಳಿಯಿತು, ಮರುವರ್ಷ 26 ಏರಿತು.

ವರ್ಷದ ಲೆಕ್ಕವೂ ಪೂರ್ತಿ ಕಥೆ ಹೇಳುವುದಿಲ್ಲ. 2020ರ ಅಂಕಿ ನೋಡಿದರೆ ಶೇ. 18 ಲಾಭ, ಒಳ್ಳೇ ವರ್ಷ ಅನಿಸುತ್ತೆ ಅಲ್ವಾ? ಆದರೆ ಅದೇ ವರ್ಷ ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಮೂರನೇ ಒಂದು ಭಾಗ ಕರಗಿತ್ತು. ಆಗ ನಾನು ದಿನಕ್ಕೆ ಹತ್ತು ಸಲ ಆ್ಯಪ್ ತೆರೆದು ನೋಡುತ್ತಿದ್ದೆ. ಒಮ್ಮೆ ಮಾರುವ ಬಟನ್‌ವರೆಗೂ ಹೋಗಿ ವಾಪಸ್ ಬಂದೆ. ಮಾರುಕಟ್ಟೆ ರಿಸ್ಕ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ಐದು ವಾರದಲ್ಲಿ.

ಸರಾಸರಿಯಲ್ಲೇ ಇನ್ನೊಂದು ತೊಡಕಿದೆ. 100 ಹಾಕಿ, ಮೊದಲ ವರ್ಷ ಶೇ. 50 ಏರಿ ಮರುವರ್ಷ 50 ಇಳಿದರೆ ಸರಾಸರಿ ಸೊನ್ನೆ, ಕೈಯಲ್ಲಿ ಉಳಿಯುವುದು ಮಾತ್ರ 75. 2008ರಲ್ಲಿ ಈ ಸೂಚ್ಯಂಕ ಶೇ. 37 ಬಿದ್ದಿತ್ತು. 63 ಆದದ್ದು ಮತ್ತೆ 100 ಆಗಬೇಕಾದರೆ ಶೇ. 59ರ ಹತ್ತಿರ ಏರಬೇಕು, 37 ಸಾಲದು. ಹಾಗಾಗಿ ಸುಮ್ನೆ ಕೂಡಿ ಭಾಗಿಸಿದ ಸರಾಸರಿ ಬೇಡ, ಹಾಕಿದ ಹಣ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇಕಡ ಎಷ್ಟು ಬೆಳೆಯಿತು ಅಂತ ಹೇಳುವ ಸಿಎಜಿಆರ್ ಕೇಳಿ. ತಿಂಗಳು ತಿಂಗಳು ಹಾಕುವವರಿಗೆ ಅದೂ ತಾಳೆಯಾಗುವುದಿಲ್ಲ, ಯಾಕೆಂದರೆ ಒಂದೊಂದು ಕಂತು ಒಂದೊಂದು ಬೆಲೆಗೆ ಹೋಗಿರುತ್ತದೆ. ನನ್ನ ಖಾತೆಯ ಲಾಭ ಫಂಡಿನ ಹಾಳೆಯಲ್ಲಿರುವುದಕ್ಕೆ ಹೊಂದುತ್ತಿಲ್ಲ ಅಂತ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ, ಎಕ್ಸ್‌ಐಆರ್‌ಆರ್ (ಪ್ರತಿ ಕಂತಿನ ದಿನಾಂಕ ಹಿಡಿದು ವರ್ಷದ ಲಾಭ ಲೆಕ್ಕ ಹಾಕುವ ವಿಧಾನ) ಹಾಕಿ ನೋಡಿದ ಮೇಲೆ ಸಮಾಧಾನವಾಯಿತು.

ನನ್ನ ಹನ್ನೆರಡು ವರ್ಷ ಒಳ್ಳೇ ಕಾಲ, ಅದನ್ನು ಮುಚ್ಚಿಡುವುದಿಲ್ಲ. 2000ರ ಶುರುವಿನಲ್ಲಿ ಒಟ್ಟಿಗೆ ಹಣ ಹಾಕಿ 2009ರ ಕೊನೆಗೆ ತೆಗೆದವರಿಗೆ ಡಿವಿಡೆಂಡ್ ಸೇರಿಸಿದರೂ ಅಸಲು ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಹತ್ತು ವರ್ಷ ಕಾದ ಮೇಲೆ!

ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದೂ ಇದಕ್ಕೇ. ಫಂಡಿನವರು ಸರಾಸರಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಎಷ್ಟು ಬಿದ್ದಿತ್ತು, ಮೇಲೆ ಬರಲು ಎಷ್ಟು ದಿನ ಬೇಕಾಯಿತು ಅನ್ನುವುದನ್ನು ಹುಡುಕಬೇಕು. ಹೊಸಬರಿಗೆ ಮೊದಲು ಕಾಣಬೇಕಾದದ್ದು ಅದು. ಐದು ವರ್ಷದ ಒಳಗೆ ಬೇಕಾಗುವ ಹಣವನ್ನು 2020ರ ನಂತರ ನಾನು ಇದಕ್ಕೆ ಹಾಕಿಲ್ಲ. ಉಳಿದ ಕಂತು ಈ ತಿಂಗಳೂ ಹೋಗಿದೆ. 5ಕ್ಕೆ 4.