ಹಳೆಯ ಕಾರನ್ನು ರ್ಯಾಲಿಗೆ ಸಜ್ಜು ಮಾಡಿಸುವವರೇ, ಟೆಂಪರೇಚರ್ ಗೇಜಿನ ಮುಳ್ಳನ್ನು ನಂಬಬೇಡಿ

ಬೆಂಗಳೂರಿನಿಂದ ಗೋವಾಕ್ಕೆ ಹೊರಟ ಹಳೆಯ ಕಾರುಗಳ ರ್ಯಾಲಿಯಲ್ಲಿ ನನ್ನ ಸಿಪಾನಿ ಡಾಲ್ಫಿನ್ ಮೊದಲ ದಿನವೇ ಹಿರಿಯೂರು ದಾಟಿ ಐಮಂಗಲದ ಹತ್ತಿರ ಎಂಜಿನ್ ಕೆಡಿಸಿಕೊಂಡು ನಿಂತಿತು. ಹಳೆಯ ಕಾರು ದಾರಿಯಲ್ಲಿ ಕೈಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದೊಂದಕ್ಕೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆಯೆಂಬುದು ಕೊನೆಯ ಗಳಿಗೆಯವರೆಗೂ ನನಗೆ ತಿಳಿಯಬಾರದೆಂದು ಒಬ್ಬರು ಬುದ್ಧಿ ಓಡಿಸಿ, ವೈರ್ ಎಳೆದು, ಅದಕ್ಕೂ ಸೇರಿಸಿ ನನ್ನಿಂದಲೇ ಬಿಲ್ ವಸೂಲು ಮಾಡಿದ್ದಾರೆ.

ಡಾಲ್ಫಿನ್ ಕಾಣದ ಕಿರಿಯರಿಗೆ ಎರಡು ಮಾತು. 1982ರಿಂದ ಬೆಂಗಳೂರಿನಲ್ಲೇ ತಯಾರಾದ ಈ ಕಾರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿನ ಭಾರತೀಯ ರೂಪ. ಎರಡೇ ಬಾಗಿಲು, ಫೈಬರ್ ಗ್ಲಾಸಿನ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ತಳ್ಳುವುದು ಹಿಂದಿನ ಚಕ್ರಗಳು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರೂ, ಹಗುರವಾಗಿದ್ದ ಕಾರಣಕ್ಕೆ ಆ ಕಾಲದ ರ್ಯಾಲಿಗಳಲ್ಲಿ ಒಳ್ಳೆಯ ಹೆಸರು ಗಳಿಸಿತ್ತು. ಇದರ ಎಂಜಿನ್ನಿಗೆ ಬಿಸಿಯೇ ದೊಡ್ಡ ಶತ್ರು. ಪಿಸ್ಟನ್ನುಗಳು ಆಡುವ ಕೊಳವೆಗಳು, ಅಂದರೆ ಲೈನರುಗಳು, ಬ್ಲಾಕಿನೊಳಗೆ ನೇರವಾಗಿ ನೀರಿನಲ್ಲೇ ನಿಂತಿರುತ್ತವೆ. ಸರಿಯಾದ ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿದರೆ ಅಲ್ಯೂಮಿನಿಯಂ ಒಳಗಿಂದಲೇ ಸವೆಯುತ್ತದೆ, ಒಮ್ಮೆ ಅತಿಯಾಗಿ ಕಾದರೆ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಸೊಟ್ಟಗಾಗಿ ಅದರಡಿಯ ಗ್ಯಾಸ್ಕೆಟ್ ಹೋಗುತ್ತದೆ. ಹಾಗಾಗಿ ಡಾಲ್ಫಿನ್ ಓಡಿಸುವವನ ಒಂದು ಕಣ್ಣು ರಸ್ತೆಯ ಮೇಲಿದ್ದರೆ ಇನ್ನೊಂದು ಗೇಜಿನ ಮುಳ್ಳಿನ ಮೇಲೇ ಇರುತ್ತದೆ. ನನ್ನದೂ ಅಲ್ಲೇ ಇತ್ತು.

ಕಾರನ್ನು ಸಜ್ಜು ಮಾಡಲು ಕೊಟ್ಟದ್ದು ಬೆಂಗಳೂರಿನಲ್ಲಿ ಹಳೆಯ ಕಾರುಗಳ ಕೆಲಸಕ್ಕೆಂದೇ ಹೆಸರಾದ ಒಂದು ಗ್ಯಾರೇಜಿಗೆ. ಹೆಸರು ಬರೆಯುವುದಿಲ್ಲ. ರೇಡಿಯೇಟರಿಗೆ ಹೊಸ ಕೋರ್, ಹೊಸ ಹೆಡ್ ಗ್ಯಾಸ್ಕೆಟ್, ಹೊಸ ಥರ್ಮೋಸ್ಟ್ಯಾಟ್, ಕೂಲಂಟ್, ಪೂರ್ತಿ ಹೊಸ ವೈರಿಂಗ್ ಎಂದು ಬಿಲ್ಲಿನಲ್ಲಿ ಸಾಲು ಸಾಲಾಗಿ ಬರೆದಿದೆ. ಬಿಲ್ ಒಂದು ಲಕ್ಷ ಮೀರಿತ್ತು, ನಾನು ಚೌಕಾಸಿ ಮಾಡದೆ ಕೊಟ್ಟೆ. ಕಾರನ್ನು ಒಪ್ಪಿಸುವಾಗ ಮಾಲೀಕರು ತಮ್ಮ ಗ್ಯಾರೇಜಿನ ಸ್ಟಿಕ್ಕರನ್ನು ಎರಡೂ ಬಾಗಿಲಿಗೆ ತಾವೇ ಅಂಟಿಸಿ, "ಇದು ಈಗ ಕಾಶ್ಮೀರಕ್ಕೆ ಬೇಕಾದ್ರೂ ಹೋಗತ್ತೆ ಸಾರ್" ಎಂದರು.

ಅದು ಕಾಶ್ಮೀರವಿರಲಿ, ಚಿತ್ರದುರ್ಗವನ್ನೂ ಮುಟ್ಟಲಿಲ್ಲ. ತುಮಕೂರು ದಾಟಿ ಸಿರಾದವರೆಗೆ ಮುಳ್ಳು ನಡುಮಧ್ಯದಲ್ಲೇ ಇತ್ತು. ಬಿಸಿಲೇರಿದರೂ, ಏರುದಾರಿ ಬಂದರೂ, ಟೋಲ್ ಸಾಲಿನಲ್ಲಿ ನಿಂತರೂ ಅಲ್ಲೇ. ಪಕ್ಕದಲ್ಲಿ ನ್ಯಾವಿಗೇಟರ್ ಆಗಿ ಕುಳಿತಿದ್ದ ನನ್ನ ಭಾವಮೈದುನ, "ಭಾವ, ನಿಮ್ಮ ಗಾಡಿ ನನ್ನ ಹೊಸ ಕಾರಿಗಿಂತ ತಣ್ಣಗಿದೆಯಲ್ಲ" ಎಂದು ಮೆಚ್ಚಿಕೊಂಡ. ಹಿರಿಯೂರಿನ ನಂತರ ಎಳೆತ ಕಡಿಮೆಯಾಯಿತು, ಸಿಹಿಯಾದ ಕೂಲಂಟ್ ವಾಸನೆಯೇನೂ ಬರಲಿಲ್ಲ, ಆಮೇಲೆ ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ ಎದ್ದಿತು. ಆಗಲೂ ಮುಳ್ಳು ನಡುಮಧ್ಯದಲ್ಲೇ ಇತ್ತು.

ಆಯೋಜಕರು ಹಿಂದೆ ಬರುತ್ತದೆಂದು ಹೇಳಿದ್ದ ಸರ್ವಿಸ್ ವ್ಯಾನಿಗೆ ಕಾಯುತ್ತಾ ಕುಳಿತಾಗ, ಹೆದ್ದಾರಿ ಬದಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕುತೂಹಲಕ್ಕೆ ಬಂದು ಬಾನೆಟ್ಟಿನೊಳಗೆ ಇಣುಕಿದರು. ರೇಡಿಯೇಟರಿನಲ್ಲಿ ಉಳಿದಿದ್ದದ್ದು ಕೂಲಂಟ್ ಅಲ್ಲ, ಕೆಂಪು ಕದಡಿದ ನೀರು. ಕೋರ್ ಹಳೆಯದೇ, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಇಷ್ಟಾದರೆ ಮಾಮೂಲಿ ಮೋಸ ಎನ್ನಬಹುದಿತ್ತು. ಅವರು ಸುಮ್ಮನೆ ಎಂಜಿನ್ನಿನ ಒಂದು ಬದಿಯನ್ನು ತೋರಿಸಿ, "ಸಾರ್, ಇದಕ್ಕೆ ವೈರೇ ಇಲ್ಲವಲ್ಲ" ಎಂದರು. ಬಿಸಿಯನ್ನು ಅಳೆಯುವ ಸೆಂಡರಿನ ತುದಿ ಖಾಲಿ ಇತ್ತು. ಅಲ್ಲಿಗೆ ಬರಬೇಕಾದ ವೈರನ್ನು ಹುಡುಕುತ್ತಾ ಹೋದರೆ ಅದು ಡ್ಯಾಶ್‌ಬೋರ್ಡಿನ ಹಿಂದೆಯೇ ಕರೆಂಟನ್ನು ಸದಾ ಒಂದೇ ಅಳತೆಯಲ್ಲಿ ತಡೆಯುವ ಒಂದು ಕಾಳಿನಷ್ಟು ರೆಸಿಸ್ಟರಿಗೆ ಸೇರಿ, ಅಲ್ಲಿಂದ ಅರ್ಥ್ ಆಗಿತ್ತು. ಗೇಜಿಗೆ ಎಂಜಿನ್ನಿನ ಸಂಬಂಧವೇ ಇರಲಿಲ್ಲ. ಕೀಲಿ ತಿರುಗಿಸಿದರೆ ಮುಳ್ಳು ಅರ್ಧಕ್ಕೆ ಏರಬೇಕು, ಅಲ್ಲೇ ನಿಲ್ಲಬೇಕು, ಅಷ್ಟೇ ಅದರ ಕೆಲಸ.

ಇದು ಅಕಸ್ಮಾತ್ ಆಗಿರಬಹುದೇ ಎಂದು ಕೇಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ತಗಡಿನ ಬಾಡಿಯ ಕಾರಿನಲ್ಲಿ ಯಾವುದೋ ವೈರ್ ಎಲ್ಲೋ ತಗುಲಿ ಅರ್ಥ್ ಆಯಿತು ಎನ್ನಬಹುದು. ಡಾಲ್ಫಿನ್ನಿನ ಬಾಡಿ ಫೈಬರ್. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ಸಣ್ಣ ದೀಪಕ್ಕೂ ಬೇರೆ ಅರ್ಥ್ ವೈರನ್ನು ಕೈಯಾರೆ ಎಳೆಯಬೇಕು. ಹಾಗಾದರೆ ಈ ರೆಸಿಸ್ಟರಿಗೂ ಯಾರೋ ಕುಳಿತು, ಅಳತೆ ನೋಡಿ ವೈರ್ ಕತ್ತರಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿದ್ದಾರೆ. ಟೇಪ್ ಹೊಸದು, ಉಳಿದ ವೈರಿಂಗಿಗೆ ಸುತ್ತಿದ್ದ ಅದೇ ಹಳದಿ ಟೇಪು.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಹಳೇ ಗಾಡಿ ಅಂದ್ಮೇಲೆ ಬಿಸಿ ಆಗತ್ತೆ ಸಾರ್, ಸ್ವಲ್ಪ ಹೊತ್ತು ನಿಲ್ಸಿ ನೀರು ಹಾಕ್ಕೊಂಡು ಹೋಗಿ." ರೆಸಿಸ್ಟರಿನ ವಿಷಯ ಹೇಳಿದೆ. "ಅದು ಮುಂಚೆ ಇದ್ದ ಓನರ್ ಮಾಡ್ಸಿರ್ಬೇಕು." ಪೂರ್ತಿ ಹೊಸ ವೈರಿಂಗ್ ಎಂದು ನಿಮ್ಮದೇ ಬಿಲ್ಲಿನಲ್ಲಿದೆಯಲ್ಲ, ಹಳದಿ ಟೇಪೂ ನಿಮ್ಮದೇ ಅಲ್ಲವೇ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯಲಾರೆ: "ಮುಳ್ಳು ಮೇಲೆ ಕೆಳಗೆ ಆಡ್ತಿದ್ರೆ ಕಸ್ಟಮರ್‌ಗಳು ಸುಮ್ನೆ ಗಾಬರಿ ಆಗ್ತಾರೆ ಸಾರ್. ನಿಮ್ಮ ನೆಮ್ಮದಿಗೇ ಮಾಡಿದ್ದು." ನನ್ನ ನೆಮ್ಮದಿಗೆ! ಎಂಜಿನ್ ಬೇಯುತ್ತಿರುವಾಗ ನಾನು ನೆಮ್ಮದಿಯಿಂದ ಅರವತ್ತರ ವೇಗದಲ್ಲಿ ಹೋಗುತ್ತಿರಲಿ ಎಂದು ಮಾಡಿದ್ದು! ಮರುದಿನ ಹಣ ವಾಪಸು ಕೇಳಿದಾಗ, "ರ್ಯಾಲಿ ಅಂದ್ರಿ, ಇಷ್ಟು ದೂರ ಅಂತ ಎಲ್ಲಿ ಹೇಳಿದ್ರಿ" ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದರು. ಬಾಗಿಲಿಗೆ ಸ್ಟಿಕ್ಕರ್ ಅಂಟಿಸುವಾಗ ಅದರ ಪಕ್ಕದಲ್ಲೇ ಬೆಂಗಳೂರು–ಗೋವಾ ಎಂದು ದಪ್ಪಕ್ಷರದಲ್ಲಿ ಬರೆದ ರ್ಯಾಲಿಯ ನಂಬರ್ ಪ್ಲೇಟ್ ಇತ್ತು.

ಆ ಸ್ಟಿಕ್ಕರ್ ಸಮೇತ ಕಾರು ಲಾರಿಯ ಮೇಲೆ ಬೆಂಗಳೂರಿಗೆ ಮರಳಿತು. ಬೆಳಿಗ್ಗೆ ಹೂವಿನ ಹಾರ ಹಾಕಿ ಬೀಳ್ಕೊಟ್ಟಿದ್ದ ನಮ್ಮ ಬೀದಿಯವರೆಲ್ಲ ರಾತ್ರಿ ಗೇಟಿಗೆ ಬಂದು ನೋಡಿದರು. ಇನ್ನು ಸರ್ವಿಸ್ ವ್ಯಾನ್. ಅದು ಮುಂದೆ ಹೋಗಿ ಚಿತ್ರದುರ್ಗದಲ್ಲಿ ಊಟಕ್ಕೆ ನಿಂತಿತ್ತು. ಅದರ ಬಗ್ಗೆ ಬರೆಯಲು ನನಗೆ ಶಕ್ತಿಯಿಲ್ಲ.

ಹಣ ಕೊಡುವ ಮುನ್ನ ಎಂಜಿನ್ ಬಿಸಿಯಾದಾಗ ಸೆಂಡರಿನ ವೈರನ್ನು ಕಿತ್ತು ನೋಡಿ. ಮುಳ್ಳು ಕೆಳಕ್ಕೆ ಬೀಳದಿದ್ದರೆ ನಿಮ್ಮ ಗೇಜೂ ನನ್ನದರ ಜಾತಿಯದೇ. ಬದಲಿಸಿದೆವು ಎನ್ನುವ ಪ್ರತಿಯೊಂದು ಭಾಗದ ಹಳೆಯ ತುಂಡನ್ನು ಕೇಳಿ ತೆಗೆದುಕೊಳ್ಳಿ. "ವಿಂಟೇಜ್ ಗಾಡಿಗೆ ಎಫ್‌ಸಿ ಬೇಡ ಸಾರ್" ಎಂದೂ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಡವೆಂದೂ, ಈ ಗ್ಯಾರೇಜಿನವರು ಹೇಳಿದ್ದರು. 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಡಾಲ್ಫಿನ್‌ಗಳಿಗೆ ಇನ್ನೂ ಆ ವಯಸ್ಸಾಗಿಲ್ಲ. ವಿಮೆಯ ಪಾಲಿಸಿಯನ್ನೂ ಓದಿಕೊಳ್ಳಿ. ಆಯೋಜಿತ ರೇಸಿಂಗ್ ಮತ್ತು ಗಾಡಿಯ ತಾಳಿಕೆಯನ್ನು ಪರೀಕ್ಷಿಸುವ ರಿಲಯಬಿಲಿಟಿ ಟ್ರಯಲ್‌ಗಳಿಗೆ ಸಾಮಾನ್ಯ ಪಾಲಿಸಿ ಅನ್ವಯವಾಗುವುದಿಲ್ಲ ಎಂಬ ಸಾಲು ಅದರಲ್ಲೇ ಇರುತ್ತದೆ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದಿಟ್ಟಿದ್ದೇನೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ಸಲ್ಲಿಸಲು 2 ವರ್ಷದ ಅವಧಿಯಿದೆ. ವಿಷಯ ತಿಳಿದ ಮಾಲೀಕರಿಂದ ನಿನ್ನೆ ಸಂದೇಶ ಬಂದಿದೆ: "ಬೇಜಾರ್ ಮಾಡ್ಕೋಬೇಡಿ ಸಾರ್, ಗಾಡಿ ತಗೊಂಡ್ ಬನ್ನಿ, ಗೇಜ್ ಫ್ರೀಯಾಗಿ ಸರಿ ಮಾಡ್ಕೊಡ್ತೀನಿ."