ಸೂಪರ್ ಮಾರಿಯೋ ಬ್ರೋಸ್ ಎಕ್ಸ್: ಆಡಿದ್ದಕ್ಕಿಂತ ಕಟ್ಟಿದ್ದೇ ಜಾಸ್ತಿ

ಮನೆಯಲ್ಲಿ ಈಗಿರುವುದು ನನ್ನ ಮೂರನೇ ಕಂಪ್ಯೂಟರ್. ಮೊದಲನೆಯದರಿಂದ ಇಲ್ಲಿಯವರೆಗೆ ಜತೆಗೇ ಬಂದಿರುವ ಫೋಲ್ಡರ್ ಒಂದೇ ಒಂದು. 2013ರಲ್ಲಿ ದಾವಣಗೆರೆಯ ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು. "ಮಾರಿಯೋ ಐತಿ, ಬೇಕೇನೋ?" ಅಂದಿದ್ದ. ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಮಾರಿಯೋ ಇರಬೇಕು ಅಂದುಕೊಂಡೆ. ಅದಲ್ಲ, ಸೂಪರ್ ಮಾರಿಯೋ ಬ್ರೋಸ್ ಎಕ್ಸ್, ಚಿಕ್ಕದಾಗಿ ಎಸ್‌ಎಂಬಿಎಕ್ಸ್.

ಇದು ಮಾರಿಯೋ ಆಟಗಳ ಕಂಪನಿ ನಿಂಟೆಂಡೋ ಮಾಡಿದ ಆಟವೇ ಅಲ್ಲ. ಆಂಡ್ರ್ಯೂ ಸ್ಪಿಂಕ್ಸ್ ಅನ್ನುವ ಅಭಿಮಾನಿ ವಿಷುಯಲ್ ಬೇಸಿಕ್ 6 ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು, 2009ರಲ್ಲಿ ಪುಕ್ಕಟೆ ಹಂಚಿದ ಆಟ. ಮಾರಿಯೋದ ಬೇರೆ ಬೇರೆ ಆಟಗಳ ಇಟ್ಟಿಗೆ, ಆಮೆ, ಪೈಪು ಎಲ್ಲಾ ಇಲ್ಲಿ ಒಂದೇ ಕಡೆ. ಮಾರಿಯೋ, ಲೂಯಿಜಿ, ಪೀಚ್, ಟೋಡ್ ಪಕ್ಕದಲ್ಲಿ ಜೆಲ್ಡಾ ಆಟದ ಲಿಂಕ್ ಕೂಡ ಕತ್ತಿ ಹಿಡಿದು ನಿಂತಿರುತ್ತಾನೆ. ಇಬ್ಬರು ಒಟ್ಟಿಗೆ ಆಡಬಹುದು. ದೂರ ದೂರ ಓಡಿದರೆ ಪರದೆ ಎರಡು ಹೋಳಾಗುತ್ತದೆ, ಹತ್ತಿರ ಬಂದರೆ ಮತ್ತೆ ಕೂಡಿಕೊಳ್ಳುತ್ತದೆ. ಇದನ್ನು ನೋಡೋಕೇ ನಮ್ಮ ರೂಮಿನಲ್ಲಿ ಜನ ಸೇರುತ್ತಿದ್ದರು.

ನನ್ನ ಕೈಗೆ ಸಿಗುವ ಹೊತ್ತಿಗೆ ಆಟ ಆಗಲೇ ಅನಾಥ. 2011ರಲ್ಲೇ ಸ್ಪಿಂಕ್ಸ್ ಇದನ್ನು ಕೈಬಿಟ್ಟಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಅವರ ಟೆರೇರಿಯಾ ಅನ್ನುವ ಆಟ ಬಂತು, ಕೋಟಿಗಟ್ಟಲೆ ಮಾರಾಟವಾಯಿತು. ಟೆರೇರಿಯಾ ಆಡುವ ಎಷ್ಟೋ ಹುಡುಗರಿಗೆ ಈ ಹಿಂದಿನ ಕಥೆ ಗೊತ್ತೇ ಇಲ್ಲ.

ಆಟವಾಗಿ ಮಾತ್ರ ನೋಡಿದರೆ ಇದಕ್ಕೆ ಐದಕ್ಕೆ ಮೂರು ಕೊಡುತ್ತೇನೆ. ಅಷ್ಟೆ. ಜೀವ ಇರುವುದು ಲೆವೆಲ್ ಕಟ್ಟುವ ಎಡಿಟರ್‌ನಲ್ಲಿ. ಒಂದು ಲೆವೆಲ್‌ಗೆ 21 ಭಾಗ ಮಾಡಿಕೊಳ್ಳಬಹುದು. ಲೇಯರ್, ಇವೆಂಟ್ ಅಂತ ಎರಡು ಸೌಲಭ್ಯ ಇದೆ. ಈ ಆಮೆ ಸತ್ತರೆ ಆ ಗೋಡೆ ಮಾಯವಾಗಲಿ, ಈ ಸ್ವಿಚ್ ಒತ್ತಿದರೆ ಸೇತುವೆ ಮೂಡಲಿ. ಕೋಡ್ ಬರೆಯದೆ ಇಷ್ಟೆಲ್ಲಾ ಆಗುತ್ತದೆ. ಮೊದಲ ವಾರ ನಾನು ಕ್ಲಾಸಿಗೇ ಹೋಗಿರಲಿಲ್ಲ.

ಸ್ವಂತ ಚಿತ್ರ ಹಾಕುವ ಕೆಲಸ ಮಾತ್ರ ಮೂಲ ಆವೃತ್ತಿ 1.3ರಲ್ಲಿ ತಲೆನೋವು. ಪ್ರತಿ ಚಿತ್ರಕ್ಕೂ ಎರಡು ಜಿಫ್ ಫೈಲ್ ಬೇಕು. ಒಂದು ಬಣ್ಣದ್ದು, ಇನ್ನೊಂದು ಅದರ ಕಪ್ಪು-ಬಿಳುಪು ಅಚ್ಚು. ಅಚ್ಚು ಕಪ್ಪಾಗಿರುವಲ್ಲಿ ಚಿತ್ರ ಕಾಣುತ್ತದೆ, ಬಿಳಿ ಇರುವಲ್ಲಿ ಹಿಂದಿನ ಆಕಾಶ. ನಾನು ಒಂದು ಎಮ್ಮೆ ಬಿಡಿಸಿದ್ದೆ. ಅಚ್ಚಿನಲ್ಲಿ ಕೊಂಬಿನ ಜಾಗಕ್ಕೆ ಕಪ್ಪು ತುಂಬೋದು ಮರೆತಿದ್ದೆ. ಎಮ್ಮೆ ಸರಿಯಾಗೇ ಬಂತು, ಕೊಂಬು ಮಾತ್ರ ದೆವ್ವದ ಹಾಗೆ ಅರ್ಧ ಮೋಡದಲ್ಲಿ ಬೆರೆತು ತೇಲುತ್ತಿತ್ತು. ಮಾತಿನ ಪೆಟ್ಟಿಗೆಯಲ್ಲಿ ಕನ್ನಡ ಲಿಪಿ ಬರುವುದಿಲ್ಲ. "ಮ್ಯಾಲೆ ಹತ್ತಬ್ಯಾಡ" ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ. ಅದನ್ನು ಓದಿದ ಪರದೇಶದವನೊಬ್ಬ, ಇದೇನು ಮಂತ್ರವೇ ಅಂತ ಕೇಳಿದ್ದ.

ಲೆವೆಲ್ ಕಟ್ಟುವುದು ಸುಲಭ. ಬೇರೆಯವರು ಅದನ್ನು ಆಡುವುದನ್ನು ಸುಮ್ನೆ ಕೂತು ನೋಡುವುದು ಕಷ್ಟ.

ಅಕ್ಕನ ಮಗನಿಗೆ ಆಗ ಎಂಟು ವರ್ಷ. ನನ್ನ ಲೆವೆಲ್ ಕೊಟ್ಟು ಪಕ್ಕದಲ್ಲಿ ಕೂತೆ. ಎಡಿಟರ್‌ನಲ್ಲಿ ಯಾವ ಇಟ್ಟಿಗೆಗೆ ಬೇಕಾದರೂ ಒಂದು ಟಿಕ್ ಹಾಕಿ ಕಣ್ಣಿಗೆ ಕಾಣದ ಹಾಗೆ ಮಾಡಬಹುದು. ಒಂದು ಹಳ್ಳದ ಮೇಲೆ ಅಂಥದ್ದೊಂದನ್ನು ಇಟ್ಟು, ಬಹಳ ಜಾಣತನ ಅಂದುಕೊಂಡಿದ್ದೆ. ಹುಡುಗ ಹಾರಿದ, ತಲೆ ಹೊಡೆಸಿಕೊಂಡ, ಬಿದ್ದ. ಇನ್ನೊಂದು ಸಲ ಅದೇ. ಮೂರನೇ ಸಲ ಕೀಬೋರ್ಡ್ ನನ್ನ ಕಡೆ ತಳ್ಳಿ, "ಮಾಮ, ನೀನೇ ಆಡು" ಅಂದು ಎದ್ದು ಹೋದ. ಅವತ್ತು ರಾತ್ರಿ ಆ ಇಟ್ಟಿಗೆ ತೆಗೆದೆ. ಅದೇ ಜಾಗದಲ್ಲಿ ಐದು ನಾಣ್ಯಗಳನ್ನು ಕಮಾನಿನ ಹಾಗೆ ಜೋಡಿಸಿದೆ, ಎಲ್ಲಿಂದ ಹಾರಬೇಕು, ಎಲ್ಲಿ ಇಳಿಯಬೇಕು ಅಂತ ತೋರಿಸೋಕೆ. ಮರುದಿನ ಒಂದೇ ಏಟಿಗೆ ದಾಟಿದ.

ಆಮೇಲೆ ಒಂದು ಲೆವೆಲ್ ಸ್ಪರ್ಧೆಗೆ ಕಳಿಸಿದೆ. ಹತ್ತಕ್ಕೆ ಮೂರೂವರೆ ಅಂಕ. ತೀರ್ಪು ಕೊಟ್ಟವನು ಬೀಗದ ಕೈ ಹೊತ್ತು ಹಾರುವಾಗ ಕೈತಪ್ಪಿ ಅದು ಹಳ್ಳಕ್ಕೆ ಬಿದ್ದಿದೆ. ಇನ್ನೊಂದು ಬೀಗದ ಕೈ ಇಲ್ಲ, ಬಾಗಿಲು ತೆರೆಯೋಲ್ಲ, ಮುಂದೆ ಹೋಗುವ ದಾರಿಯೇ ಇಲ್ಲ. ಆಟ ಹೀಗೆ ಸಿಕ್ಕಿಕೊಳ್ಳುವುದಕ್ಕೆ ಲೆವೆಲ್ ಕಟ್ಟುವ ನಮ್ಮವರು ಸಾಫ್ಟ್‌ಲಾಕ್ ಅನ್ನುತ್ತಾರೆ. ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಅವನು ಬರೆದದ್ದನ್ನು ಪೂರ್ತಿ ಓದಿದೆ. ಇಡೀ ಒಂದು ಪುಟ! ಯಾವ ಪರದೆಯಲ್ಲಿ ಖುಷಿಯಾಯಿತು, ಎಲ್ಲಿ ಬೇಜಾರಾಯಿತು, ಎಲ್ಲಾ ಇತ್ತು. ಪರಿಚಯವೇ ಇಲ್ಲದ ಒಬ್ಬ ನನ್ನ ಎಮ್ಮೆ ಲೆವೆಲ್‌ಗೆ ಅಷ್ಟು ಹೊತ್ತು ಕೊಟ್ಟಿದ್ದ. ಈಗ ಬೀಗದ ಕೈ ಇಡುವ ಕಡೆಯಲ್ಲೆಲ್ಲಾ ಒಂದು ಜನರೇಟರ್ ಇಡುತ್ತೇನೆ, ಹೊಸದು ಬರುತ್ತಲೇ ಇರಲಿ ಅಂತ.

"ಮಾರಿಯೋ ಮೇಕರ್ ಇರುವಾಗ ಇದು ಯಾಕೆ?" ಅಂತ ಕೇಳುವವರಿದ್ದಾರೆ. ನಿಂಟೆಂಡೋ 2015ರಲ್ಲಿ ತನ್ನ ವೀ ಯೂ ಗೇಮ್ ಯಂತ್ರಕ್ಕೆ ತಂದ, ಲೆವೆಲ್ ಕಟ್ಟುವ ಆ ಆಟ ಒಳ್ಳೆಯದೇ. ಅದರಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ: ನೀವು ಕಟ್ಟಿದ ಲೆವೆಲ್ ಅನ್ನು ನೀವೇ ಮುಗಿಸಿ ತೋರಿಸದೆ ಹಂಚುವ ಹಾಗಿರಲಿಲ್ಲ. ಇಲ್ಲಿ ಅಂಥ ನಿಯಮ ಇಲ್ಲ. ಹಾಗಾಗಿ ಕಟ್ಟಿದವನಿಗೂ ದಾಟಲಾಗದ ಲೆವೆಲ್‌ಗಳು ಸಿಗುತ್ತವೆ. ಆದರೆ ವೀ ಯೂನ ಆನ್‌ಲೈನ್ ಸೇವೆ 2024ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ನನ್ನ ಎಮ್ಮೆ ನನ್ನ ಹಾರ್ಡ್‌ಡಿಸ್ಕ್‌ನಲ್ಲೇ ಇದೆ, ಯಾರ ಸರ್ವರ್ ಮುಚ್ಚಿದರೂ ಅದಕ್ಕೇನಿಲ್ಲ.

ಹೊಸಬರಿಗೆ ಗೊಂದಲ ಆಗುವುದು ಆವೃತ್ತಿಗಳಲ್ಲಿ. ಮೂಲ 1.3 ಒಂದು ಕಡೆ. ಲುವಾ ಕೋಡ್ ಬರೆದು ಏನು ಬೇಕಾದರೂ ಮಾಡಬಹುದಾದ ಎಸ್‌ಎಂಬಿಎಕ್ಸ್ 2 ಇನ್ನೊಂದು ಕಡೆ. ಸ್ಪಿಂಕ್ಸ್ 2020ರಲ್ಲಿ ಮೂಲ ಕೋಡ್ ಬಿಟ್ಟುಕೊಟ್ಟ ಮೇಲೆ, ಅದನ್ನೇ ಸಿ ಪ್ಲಸ್ ಪ್ಲಸ್ ಭಾಷೆಗೆ ತಂದು ಮಾಡಿದ ದಿ ಎಕ್ಸ್‌ಟೆಕ್ ಮತ್ತೊಂದು. ಇದು ಲಿನಕ್ಸ್, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಎಸ್‌ಎಂಬಿಎಕ್ಸ್ 2ಕ್ಕೆ ಅಂತ ಲುವಾದಲ್ಲಿ ಕಟ್ಟಿದ್ದು ಉಳಿದವುಗಳಲ್ಲಿ ಸರಿಯಾಗಿ ಓಡುವುದಿಲ್ಲ. ಸುಮ್ನೆ ಹಳೇ ಲೆವೆಲ್‌ಗಳನ್ನು ಆಡಬೇಕು ಅನ್ನುವವರು ದಿ ಎಕ್ಸ್‌ಟೆಕ್ ಹಾಕಿಕೊಳ್ಳಿ. ಕಟ್ಟುವ ಹುಚ್ಚಿದ್ದರೆ ಎಸ್‌ಎಂಬಿಎಕ್ಸ್ 2. ಅದರಲ್ಲಿ ಪಿಎನ್‌ಜಿ ಚಿತ್ರ ನಡೆಯುತ್ತದೆ, ಆ ಅಚ್ಚಿನ ಕಾಟ ಇಲ್ಲ.

ಇನ್ನೊಂದು ಮಾತು. ಲೆವೆಲ್ ಫೈಲ್‌ಗೂ ಅದರ ಚಿತ್ರಗಳ ಫೋಲ್ಡರ್‌ಗೂ ಒಂದೇ ಹೆಸರು ಇರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ನಮ್ಮ ಚಿತ್ರ ಎಲ್ಲಾ ಮಾಯ, ಆಟದ ಮೂಲ ಚಿತ್ರಗಳೇ ಬರುತ್ತವೆ. ನಾನು ಹೋದ ತಿಂಗಳು ಕೂಡ ಇದೇ ತಪ್ಪು ಮಾಡಿದೆ, ಎಮ್ಮೆ ಇರಬೇಕಾದ ಜಾಗದಲ್ಲಿ ಮಾರಿಯೋದ ಅಣಬೆಯಂಥ ಶತ್ರುಗಳು, ಹನ್ನೆರಡು ಗೂಂಬಾಗಳು ಮೇಯುತ್ತಿದ್ದವು.